ನಾನು ಅಳಿಸಿದ ಮೈನಸ್

ಸರ್ ತೀರಿಕೊಂಡ ವಾರಕ್ಕೆ, ಅವರು ಪಾಠ ಮಾಡಿದ ಬಸವಕಲ್ಯಾಣದ ಕಾಲೇಜಿನವರು ಫೋನ್ ಮಾಡಿ, ವಾರ್ಷಿಕ ಸಂಚಿಕೆಗೆ ಅವರ ಬಗ್ಗೆ ಒಂದು ಪುಟ ಬರೆದುಕೊಡಿ ಎಂದರು. ಬರೆದುಕೊಟ್ಟೆ. ಸರಳ ಜೀವಿ, ವಿದ್ಯಾರ್ಥಿಗಳ ಅಚ್ಚುಮೆಚ್ಚಿನ ಗುರು, ಕೊನೆಯ ಉಸಿರಿನವರೆಗೂ ವಿಜ್ಞಾನವನ್ನೇ ಧ್ಯಾನಿಸಿದವರು ಎಂದೆಲ್ಲ ಬರೆದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ನನಗೊಬ್ಬನಿಗೇ ಗೊತ್ತಿದ್ದ ಸಂಗತಿಯನ್ನು ಜಾಣತನದಿಂದ ಬಿಟ್ಟಿದ್ದೆ. ಓದಿದ ನಾಲ್ಕು ಜನ ಫೋನ್ ಮಾಡಿ, ಎಷ್ಟು ಛಂದ ಬರದೀರಿ ಎಂದು ಹೊಗಳಿದರು. ಆವತ್ತು ನನಗೆ ಊಟ ಸೇರಲಿಲ್ಲ. ಅದಕ್ಕೇ ಮತ್ತೊಮ್ಮೆ ಬರೆಯಲು ಕೂತಿದ್ದೇನೆ.

ಅವರು ಪಿಯು ತರಗತಿಗಳಿಗೆ ಭೌತಶಾಸ್ತ್ರ ಕಲಿಸುತ್ತಿದ್ದರು. ನಾನು ಅವರ ವಿದ್ಯಾರ್ಥಿ. ಈಗ ಹುಮನಾಬಾದಿನ ಪದವಿ ಕಾಲೇಜಿನಲ್ಲಿ ಅದೇ ವಿಷಯ ಕಲಿಸುತ್ತೇನೆ. ಸರ್ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಊರಿನಲ್ಲೂ ಅವರನ್ನು ಹೆಸರು ಹಿಡಿದು ಕರೆದವರು ಕಡಿಮೆ, ಎಲ್ಲರಿಗೂ ಅವರು ಬರೀ ಸರ್. ಬಡಕಲು ಮೈ, ಎತ್ತರದ ಆಳು. ಬಿಳಿ ಅಂಗಿಗೆ ಎರಡು ಜೇಬು ಇರಲೇಬೇಕು, ಒಂದು ಕನ್ನಡಕಕ್ಕೆ, ಇನ್ನೊಂದು ಪೆನ್ಸಿಲ್ಲಿಗೆ. ಲೆಕ್ಕವನ್ನು ಅವರು ಪೆನ್ಸಿಲ್ಲಿನಲ್ಲೇ ಮಾಡುತ್ತಿದ್ದರು. "ಪೆನ್ನಿಲೆ ಲೆಕ್ಕ ಮಾಡೂದಂದ್ರ ಸೊಕ್ಕು ತಮ್ಮಾ. ನನ್ನ ಕಡಿಂದ ತಪ್ಪೇ ಆಗಂಗಿಲ್ಲ ಅಂದಂಗ" ಎನ್ನುತ್ತಿದ್ದರು.

ತಪ್ಪಿನ ಬಗ್ಗೆ ಅವರಿಗಿದ್ದ ಧೋರಣೆಯೇ ಬೇರೆ. ನಾವು ಓದುವಾಗ ಒಂದು ದಿನ ಬೋರ್ಡಿನ ಮೇಲೆ ಅವರು ಒಂದು ಸಮೀಕರಣ ತಪ್ಪು ಬರೆದರು. ಹುಲಸೂರ ಕಡೆಯ ಒಬ್ಬಳು ಹುಡುಗಿ ಅಂಜುತ್ತಂಜುತ್ತ ಎದ್ದು ಹೇಳಿದಳು. ಸರ್ ತಿರುಗಿ ನೋಡಿ, "ಹೌದಲ್ಲಾ!" ಎಂದು ಸೀಮೆಸುಣ್ಣದ ಖಡು ಅವಳ ಕೈಗೆ ಕೊಟ್ಟು, ಅವಳ ಬೆಂಚಿನ ಮೇಲೆ ಹೋಗಿ ಕೂತುಬಿಟ್ಟರು. ತಾಸು ಮುಗಿಯುವವರೆಗೂ ಪಾಠ ಅವಳದೇ. ಮರುದಿನ ಇನ್ನೊಂದು ಸೆಕ್ಷನ್ನಿಗೂ ಹೋಗಿ, ನಿನ್ನೆ ನಾ ಹಿಂಗಿಂಥ ತಪ್ಪು ಮಾಡಿದ್ದೆ, ಯಾರು ಹಿಡಿದರು ಗೊತ್ತೇನು ಎಂದು ಹಬ್ಬ ಮಾಡಿಕೊಂಡು ಹೇಳಿದರಂತೆ.

ಅವರ ತಂದೆಯದು ದರ್ಜಿ ಅಂಗಡಿ. ತಂದೆ ಹೋದ ಮೇಲೆ ಸರ್ ಅವರ ತಮ್ಮ ನಡೆಸುತ್ತಿದ್ದರು. ಕಾಲೇಜು ಬಿಟ್ಟ ಮೇಲೆ ಸರ್ ಅಲ್ಲೇ ಒಂದು ಸ್ಟೂಲಿನ ಮೇಲೆ ಕೂತು ತಮ್ಮದೇ ಲೆಕ್ಕ ಹಾಕುತ್ತಿದ್ದರು. ಕಾಗದಕ್ಕೆ ಬರವಿಲ್ಲ. ಮದುವೆ ಕಾರ್ಡಿನ ಒಳಹಾಳೆಯ ಹಿಂಬದಿ ಖಾಲಿ ಇರುತ್ತದಲ್ಲ, ಊರಿನವರೆಲ್ಲ ಕೊಟ್ಟ ಕಾರ್ಡುಗಳನ್ನು ಅವರು ಜೋಪಾನ ಮಾಡುತ್ತಿದ್ದರು. ಒಂದು ಬದಿಗೆ ಕನ್ನಡದಲ್ಲೋ ಉರ್ದುವಿನಲ್ಲೋ ಮರಾಠಿಯಲ್ಲೋ ವಧೂವರರ ಹೆಸರು, ಇನ್ನೊಂದು ಬದಿಗೆ ಬ್ರಹ್ಮಾಂಡ ಹುಟ್ಟಿದ ಗಳಿಗೆಯ ಗಣಿತ.

ಏನು ಲೆಕ್ಕ ಅದು ಎಂದು ನಾನು ಮೊದಲ ಸಲ ಕೇಳಿದ್ದು ಎಂಎಸ್ಸಿ ಮುಗಿಸಿ ಬಂದ ಮೇಲೆ. ಸರ್ ಹೊಲಿಯಲು ಇಟ್ಟಿದ್ದ ಅಂಗಿಯ ತೋಳೊಂದನ್ನು ಎತ್ತಿ ತೋರಿಸಿದರು.

"ಈ ತೋಳಿನ ಹೊಲಿಗಿ ಬಿಚ್ಚಿದ್ರ ಅರಿವಿ ಸಪಾಟ ಬೀಳ್ತದ. ಅಂದ್ರ ಇದರಾಗ ಡೊಂಕಿಲ್ಲ, ಬರೀ ಸುತ್ತಿದ್ದು. ಈಗ ನನ್ನ ಟೋಪಿ ತಗೋ. ಎಷ್ಟ್ ಎಳದ್ರೂ ಸಪಾಟ ಆಗ್ತದೇನು? ನೆರಿಗಿ ಬೀಳ್ತಾವ, ಇಲ್ಲಾ ಹರೀತದ. ಇದಕ್ಕ ಡೊಂಕು ಅದ. ಜಾಗಾ, ಕಾಲ ಎರಡೂ ಈ ಟೋಪಿ ಹಂಗ ಡೊಂಕಾದ್ರ ಅದನ್ನೇ ನಾವು ಗುರುತ್ವ ಅಂತೀವಿ. ಇಷ್ಟು ನಿನಗ ಗೊತ್ತದ."

"ಹೌದ್ರಿ ಸರ್."

"ಹಂಗಿದ್ರ ಕರೆಂಟು ಯಾಕ ಬ್ಯಾರೆ? ಅಣುವಿನ ಒಳಗಿನ ಜಗ್ಗಾಟ ಯಾಕ ಬ್ಯಾರೆ? ಅವೂ ಡೊಂಕೇ. ಆದ್ರ ನಮ್ಮ ಕಣ್ಣಿಗಿ ಕಾಣೂ ದಿಕ್ಕಿನಾಗ ಇಲ್ಲ, ಸಣ್ಣಗ ಸುತ್ತಿ ಕೂತಿರೂ ದಿಕ್ಕಿನಾಗ ಅವ." ತಮ್ಮನ ಮಷಿನ್ನಿನಿಂದ ದಾರ ಎಳೆದು ಹಿಡಿದರು. "ದೂರಿಂದ ನೋಡಾಂವ್ಗ ಇದು ಬರೀ ಗೆರಿ. ಇದಕ್ಕೂ ದಪ್ಪ ಅದ ಅಂಬೋದು ಸೂಜಿ ಪೋಣಿಸಾಂವ್ಗ ಗೊತ್ತು."

ಈ ವಿಚಾರ ಅವರದಲ್ಲ, ದೊಡ್ಡವರು ಎಂದೋ ಹೇಳಿದ್ದು. ಅವರ ಪ್ರಶ್ನೆ ಅದರ ಮುಂದಿನದು. ವಿಶ್ವ ಹುಟ್ಟಿದಾಗ ಎಲ್ಲ ದಿಕ್ಕುಗಳೂ ಒಂದೇ ಅಳತೆ ಇದ್ದಿರಬೇಕು. ಆಮೇಲೆ ಮೂರು ದಿಕ್ಕು ಹಿಗ್ಗಿ ಹಿಗ್ಗಿ ಈ ಆಕಾಶವೆಲ್ಲ ಆಯಿತು. ಉಳಿದವು ಯಾಕೆ ಹಿಗ್ಗಲಿಲ್ಲ? ಹಿಗ್ಗದಿದ್ದರೆ ಹೋಗಲಿ, ಪೂರ್ತಿ ಕುಗ್ಗಿ ಇಲ್ಲವಾಗದೆ ಒಂದು ಅಳತೆಗೆ ಯಾಕೆ ನಿಂತವು? ಅವು ತಾವಾಗಿಯೇ ನಿಲ್ಲುವಂಥ ಒಂದು ಜ್ಯಾಮಿತಿಯನ್ನು ಸರ್ ಹುಡುಕುತ್ತಿದ್ದರು.

ಅಂಗಡಿಗೆ ಬಂದವರಿಗೆ ಇದೊಂದು ತಮಾಷೆ. "ನಮ್ಮಣ್ಣ ಇಲ್ಲದ ಅರಿವಿಗಿ ಅಳತಿ ತಗೋಳಾಕತ್ತಾನ ನೋಡ್ರಿ" ಎಂದು ತಮ್ಮನೇ ಶುರು ಮಾಡುತ್ತಿದ್ದರು. ಹೊಟ್ಟೆ ಮುಂದೆ ಬಂದ ಕಿರಾಣಿ ವ್ಯಾಪಾರಿಯೊಬ್ಬರು, "ಸಿಕ್ಕವೇನ್ರಿ ಸರ್ ನಿಮ್ಮ ದಿಕ್ಕುಗಳು?" ಎಂದು ಪ್ರತಿ ಸಲ ಕೇಳುತ್ತಿದ್ದರು. ಸರ್ ತಲೆ ಎತ್ತದೆ, "ಇನ್ನಾ ಇಲ್ರಿ. ಒಂದು ಸುತ್ತು ಹಿಗ್ಗಲಾರದಂಗ ಹ್ಯಾಂಗ ನಿಂದ್ರಬೇಕು ಅಂಬೋದು ತಿಳೀತಂದ್ರ ಮೊದಲ ನಿಮಗೇ ಹೇಳ್ತೀನಿ" ಎನ್ನುತ್ತಿದ್ದರು. ಅಂಗಡಿಯೆಲ್ಲ ನಗುತ್ತಿತ್ತು, ವ್ಯಾಪಾರಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು.

ಸರ್ ಹತ್ತಿರ ಇನ್ನೊಂದು ಪದ್ಧತಿ ಇತ್ತು. ಇಂಥ ಲೆಕ್ಕಗಳು ಹತ್ತಾರು ಪುಟ ಹೋಗುತ್ತವೆ, ಎಲ್ಲೋ ಒಂದು ಚಿಹ್ನೆ ತಿರುಗಿದರೆ ವಿಶ್ವವೇ ತಿರುಗಿತು. ಮಾಡಿದವನೇ ಹತ್ತು ಸಲ ನೋಡಿದರೂ ತನ್ನ ತಪ್ಪು ತನಗೆ ಕಾಣುವುದಿಲ್ಲ. ಅದಕ್ಕೆ ಈ ವಿದ್ಯೆಯವರು ಒಂದೇ ಲೆಕ್ಕವನ್ನು ಇಬ್ಬರು ಬೇರೆ ಬೇರೆ ಕೂತು, ಒಬ್ಬರದು ಒಬ್ಬರು ನೋಡದೆ ಮಾಡಿ, ಕೊನೆಗೆ ಉತ್ತರ ತಾಳೆ ನೋಡುತ್ತಾರೆ. ದೊಡ್ಡ ಸಂಸ್ಥೆಗಳಲ್ಲಿ ಪಕ್ಕದ ಕೋಣೆಯಲ್ಲೇ ಎರಡನೆಯವರು ಸಿಗುತ್ತಾರೆ. ಬಸವಕಲ್ಯಾಣದಲ್ಲಿ ಸರ್‌ಗೆ ಯಾರಿದ್ದರು? ಹುಮನಾಬಾದಿನಲ್ಲಿ ನಾನಿದ್ದೆ.

ನಿವೃತ್ತಿಯಾದ ವರ್ಷ ಒಂದು ಭಾನುವಾರ ಅವರು ಬಸ್ಸು ಹಿಡಿದು ನಮ್ಮ ಮನೆಗೆ ಬಂದರು. ನನ್ನ ಹೆಂಡತಿ ಮಾಡಿದ ಉಪ್ಪಿಟ್ಟು ತಿಂದು, ಕೈ ತೊಳೆದು, ಚೀಲದಿಂದ ಒಂದು ಹಾಳೆ ಮತ್ತು ಅಂಟು ಹಚ್ಚಿದ ಒಂದು ಕವರು ತೆಗೆದರು. ಹಾಳೆಯ ಮೇಲೆ ಲೆಕ್ಕದ ಮೊದಲ ಸಾಲು ಮಾತ್ರ ಇತ್ತು.

"ಬಾಕಿ ಎಲ್ಲಾ ನಾ ನೋಡ್ಕೋತೀನಿ. ಇದೊಂದೇ ನಟ್ಟ ನಡುವಿನ ಹೆಜ್ಜಿ. ಕೊನೀಗಿ ಬರೂ ಚಿಹ್ನಿ ಪ್ಲಸ್ ಆದ್ರ ನನ್ನ ದಿಕ್ಕು ನಿಲ್ತಾವ. ಮೈನಸ್ ಆದ್ರ ನಿಲ್ಲಂಗಿಲ್ಲ, ಎಲ್ಲಾ ಮುಗೀತು. ನನ್ನ ಪೂರಾ ಲೆಕ್ಕ, ಉತ್ತರ ಈ ಕವರಿನಾಗ ಅವ. ನಿಂದು ಮುಗಿಸಿದ ಮ್ಯಾಲೆ ಒಡಿ. ಒಡದ್ ಕೂಡ್ಲೇ ಫೋನ್ ಮಾಡು."

"ಕವರು ನಿಮ್ಮ ಕಡೆನೇ ಇರ್ಲಿ ಬಿಡ್ರಿ ಸರ್" ಎಂದೆ. ನನ್ನ ಮೇಲೆ ನನಗೇ ಅಷ್ಟು ಭರವಸೆ ಇರಲಿಲ್ಲವೇನೋ.

"ಯಾಕ? ನಿನ್ನ ಮ್ಯಾಲೆ ಭರೋಸಾ ಇಲ್ಲಂದ್ರ ಈ ಲೆಕ್ಕ ನಿನಗ ಯಾಕ ಕೊಡ್ತಿದ್ದೆ?" ಎಂದು ನಕ್ಕು ಎದ್ದರು.

ಆ ತಿಂಗಳು ನಮ್ಮ ಕಾಲೇಜಿಗೆ ತಪಾಸಣೆಯ ತಂಡ ಬರುವುದಿತ್ತು. ಫೈಲು ಹೊಂದಿಸುವುದು, ಇಲ್ಲದ ಸಭೆಗಳ ನಡಾವಳಿ ಬರೆಯುವುದು, ಇದೇ ಕೆಲಸ. ಸರ್ ಎರಡು ಸಲ ಫೋನ್ ಮಾಡಿದರು. ಲೆಕ್ಕದ ಮಾತೆತ್ತಲಿಲ್ಲ, ಆರೋಗ್ಯ ವಿಚಾರಿಸಿದರು. ಅದು ನನಗೆ ಚುಚ್ಚಿತು. ಒಂದು ರಜೆಯ ದಿನ ಬೆಳಿಗ್ಗೆ ಕೂತು ಏಳು ಪುಟ ಮಾಡಿದೆ. ಕೊನೆಗೆ ಬಂದದ್ದು ಮೈನಸ್.

ಆಗ ಮಾಡಬೇಕಾದದ್ದು ಎರಡರಲ್ಲೊಂದು. ಕವರು ಒಡೆಯುವ ಮೊದಲು ಇನ್ನೊಮ್ಮೆ ಮೊದಲಿನಿಂದ ಮಾಡಿ ನೋಡಬೇಕು, ಇಲ್ಲವೇ ಬಂದದ್ದನ್ನು ಬಂದ ಹಾಗೆ ಹೇಳಬೇಕು. ನಾನು ಕವರು ಒಡೆದೆ. ಅದರಲ್ಲಿದ್ದ ಹಾಳೆಗಳ ಕೊನೆಗೆ ಸರ್ ಅವರ ದುಂಡನೆಯ ಅಕ್ಷರದಲ್ಲಿ ಪ್ಲಸ್ ಇತ್ತು.

ಕ್ಷಣವೂ ಅನುಮಾನ ಬರಲಿಲ್ಲ. ತಪ್ಪಿದವನು ನಾನೇ ಎಂದುಕೊಂಡೆ. ಅವರು ಇಪ್ಪತ್ತು ವರ್ಷ ಇದರಲ್ಲೇ ಇದ್ದವರು, ನಾನು ಒಂದು ಬೆಳಿಗ್ಗೆ ಕೂತವನು. ಗುರುವಿಗೆ ಪ್ಲಸ್ ಬಂದಲ್ಲಿ ಶಿಷ್ಯನಿಗೆ ಮೈನಸ್ ಬರುವುದುಂಟೇ? ಹಿಂದಕ್ಕೆ ಹೋಗುತ್ತ ಮೂರನೆಯ ಪುಟದಲ್ಲಿ, ಅಕ್ಷರಗಳು ಕಿಕ್ಕಿರಿದ ಒಂದು ಸಾಲಿನಲ್ಲಿ, ರಬ್ಬರಿನಿಂದ ಮೈನಸ್ ಅಳಿಸಿ ಪ್ಲಸ್ ಮಾಡಿದೆ. ಅಲ್ಲಿ ಯಾಕೆ ಪ್ಲಸ್ ಆಗಬೇಕು ಎಂದು ಕೇಳಿಕೊಳ್ಳಲಿಲ್ಲ. ಅಲ್ಲಿಂದ ಮುಂದೆ ಎಲ್ಲ ತಿದ್ದುತ್ತ ಬಂದೆ, ಕೊನೆಗೆ ಉತ್ತರ ಕೂಡಿತು. ಇದಕ್ಕೆ ಗುರುಭಕ್ತಿ ಎಂದು ಹೆಸರಿಡಲು ನನಗೆ ಇಷ್ಟ. ಆದರೆ ಅದು ಸೋಮಾರಿತನ. ಇನ್ನೊಂದು ಸಲ ಏಳು ಪುಟ ಮಾಡಲು ಬೇಜಾರು, ಇಲ್ಲ ಎನ್ನಲು ಧೈರ್ಯ ಸಾಲದು, ಎರಡಕ್ಕೂ ಭಕ್ತಿಯ ಹೊದಿಕೆ ಹೊದಿಸಿದೆ.

ಫೋನ್ ಮಾಡಿ, "ಪ್ಲಸ್ ಬಂತ್ರಿ ಸರ್" ಎಂದೆ. ಅಂಗಡಿಯ ಮಷಿನ್ನಿನ ಸಪ್ಪಳ ಕೇಳುತ್ತಿತ್ತು. ಆಮೇಲೆ, "ತಮ್ಮಾ, ಇಪ್ಪತ್ತು ವರ್ಷ ಆಯ್ತು" ಎಂದರು. ಅಲ್ಲೇ ತಮ್ಮನನ್ನು ಕೂಗಿ ಅವರಿಗೂ ಹೇಳಿದರು. ಆ ಸಂತೋಷಕ್ಕೆ ನಾನು ಕಾರಣನೆಂದು ಆವತ್ತು ಹೆಮ್ಮೆಯನ್ನೂ ಪಟ್ಟೆ. ಮನುಷ್ಯ ಎಷ್ಟು ನಾಚಿಕೆಗೆಟ್ಟವನಿರಬಹುದು ಎಂಬುದಕ್ಕೆ ಇಷ್ಟು ಸಾಕು.

ಸರ್ ಅದನ್ನು ಲೇಖನ ಮಾಡಿ ಹೊರದೇಶದ ಒಂದು ಪತ್ರಿಕೆಗೆ ಇಮೇಲ್ ಮಾಡಿದರು. ಟೈಪು ಮಾಡಿಕೊಟ್ಟವನೂ ನಾನೇ. ಕೊನೆಯಲ್ಲಿ, ನಡುವಿನ ಲೆಕ್ಕವನ್ನು ಸ್ವತಂತ್ರವಾಗಿ ಪರಿಶೀಲಿಸಿದ ನನ್ನ ವಿದ್ಯಾರ್ಥಿಗೆ ಕೃತಜ್ಞ ಎಂಬ ಸಾಲಿತ್ತು. ಅದನ್ನು ಟೈಪು ಮಾಡುವಾಗ ನನ್ನ ಕೈ ಒಂದು ಗಳಿಗೆಯೂ ತಡೆಯಲಿಲ್ಲ.

ಐದಾರು ತಿಂಗಳ ಮೇಲೆ ಉತ್ತರ ಬಂತು. ಲೇಖನ ತಿರಸ್ಕೃತ. ಓದಿದ ತಜ್ಞರು ಒರಟಾಗಿ ಬರೆದಿರಲಿಲ್ಲ. ಇಂಥ ರಚನೆಯಲ್ಲಿ ಅಡಗಿದ ದಿಕ್ಕುಗಳು ನಿಲ್ಲುವುದಿಲ್ಲವೆಂದು ಬೇರೆಯವರು ಬೇರೆ ದಾರಿಯಿಂದ ತೋರಿಸಿದ್ದಾರೆ, ಲೇಖಕರ ಲೆಕ್ಕದಲ್ಲಿ ಎಲ್ಲೋ ತಪ್ಪಿರಬೇಕು, ದಯವಿಟ್ಟು ಹುಡುಕಿ ನೋಡಲಿ ಎಂದಿದ್ದರು. ಎಲ್ಲಿ ಎಂದು ಹೇಳಿರಲಿಲ್ಲ.

ಸರ್ ಮುಂದಿನ ಭಾನುವಾರವೇ ಬಂದರು. ಬೇಸರದಲ್ಲಿರುತ್ತಾರೆ ಎಂದುಕೊಂಡಿದ್ದೆ, ಇರಲಿಲ್ಲ. ತಪ್ಪು ಇರಬಹುದಾದ ಜಾಗಗಳ ಪಟ್ಟಿ ಮಾಡಿಕೊಂಡು ಬಂದಿದ್ದರು, ಒಂದು ಮದುವೆ ಹಾಳೆಯ ತುಂಬ. ಪಟ್ಟಿ ಓದುತ್ತ ಓದುತ್ತ ನಡುವಿನ ಲೆಕ್ಕದ ಹತ್ತಿರ ನಿಂತರು. ಕನ್ನಡಕ ತೆಗೆದು ಒರೆಸಿಕೊಂಡರು.

"ತಪ್ಪು ತಿಳ್ಕೋಬ್ಯಾಡ ತಮ್ಮಾ. ಕೇಳೂದು ಪದ್ಧತಿ ಅದ, ಅದಕ್ಕ ಕೇಳಾಕತ್ತೀನಿ. ಕವರು ಒಡಿಯೂ ಮೊದಲೇ ನಿನಗ ಪ್ಲಸ್ ಬಂದಿತ್ತು ಅಲ್ಲ?"

ನನ್ನ ಹೆಂಡತಿ ಅಲ್ಲೇ ಚಹಾ ಇಡುತ್ತಿದ್ದಳು. ಅವಳ ಮುಂದೆ, ಸರ್ ಮುಂದೆ, "ಹೌದ್ರಿ ಸರ್" ಎಂದೆ.

"ಹಂಗಂದ್ರ ಇದು ಬಿಟ್ಟುಬಿಡೂಣು" ಎಂದು ಆ ಸಾಲಿನ ಮೇಲೆ ಗೆರೆ ಎಳೆದರು. "ಇಬ್ಬರೂ ಬ್ಯಾರೆ ಬ್ಯಾರೆ ಮಾಡೀವಿ, ಇಬ್ಬರಿಗೂ ಒಂದೇ ಬಂದದ. ತಪ್ಪು ಇಲ್ಲಿಲ್ಲ, ಬ್ಯಾರೆ ಕಡೆ ಅದ." ಆಮೇಲೆ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟು, "ಕೇಳಬಾರದಿತ್ತು. ಮಾಫ್ ಮಾಡು" ಎಂದರು.

ಇಡೀ ಲೆಕ್ಕದಲ್ಲಿ ಅವರು ಮತ್ತೆ ತೆರೆದು ನೋಡದ ಜಾಗ ಅದೊಂದೇ ಆಯಿತು. ಅದಕ್ಕೆ ಬೇಲಿ ಹಾಕಿದವನು ನಾನು.

ಬರಬರುತ್ತ ಅವರು ಬರುವ ಭಾನುವಾರಗಳೆಂದರೆ ನನಗೆ ಅಂಜಿಕೆ ಆಗತೊಡಗಿತು. ಎರಡು ವರ್ಷ ಹೀಗೇ ಹೋಯಿತು. ಒಂದು ಬೇಸಿಗೆ ರಜೆಯಲ್ಲಿ, ಯಾರೂ ಹೇಳದೆ, ಆ ಮೊದಲ ಸಾಲಿನ ಹಾಳೆ ತೆಗೆದುಕೊಂಡು ಕೂತೆ. ಒಂದು ಸಲ ಮಾಡಿದೆ, ಮೈನಸ್. ಬೇರೆ ದಾರಿಯಿಂದ ಮಾಡಿದೆ, ಮೈನಸ್. ಆಮೇಲೆ ಸರ್ ಅವರ ಕವರಿನ ಹಾಳೆಗಳ ಪಕ್ಕದಲ್ಲಿ ಇಟ್ಟು ಸಾಲು ಸಾಲು ನೋಡಿದೆ. ಒಂದು ಸಾಲಿನಿಂದ ಇನ್ನೊಂದಕ್ಕೆ ಇಳಿಯುವಾಗ ಅವರು ಅಕ್ಷರದ ಬುಡಕ್ಕೆ ಬರೆಯುವ ಎರಡು ಸೂಚಕಗಳ ಜಾಗ ಅದಲುಬದಲು ಮಾಡಿದ್ದರು. ಅಲ್ಲಿ ಜಾಗ ಬದಲಾದರೆ ಚಿಹ್ನೆಯೂ ತಿರುಗಬೇಕು. ತಿರುಗಿಸುವುದು ಮರೆತಿದ್ದರು. ಅಷ್ಟೇ. ನಾನು ಮೊದಲ ದಿನ ಬರೆದದ್ದೇ ಸರಿ ಇತ್ತು.

ಮರುದಿನವೇ ಹೇಳಿಬಿಡಬೇಕೆಂದು ಬಸವಕಲ್ಯಾಣದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಅಂಗಡಿಯಲ್ಲಿ ಸರ್ ನನ್ನನ್ನು ಕಂಡು ಎದ್ದುನಿಂತರು. ಅಲ್ಲಿ ಅವರ ಹಳೆಯ ಸಹೋದ್ಯೋಗಿಯೊಬ್ಬರು ಕೂತಿದ್ದರು. "ಇಂವ ಬರೋಬರ್ ವ್ಯಾಳ್ಯಾಕ್ಕ ಬಂದ ನೋಡ್ರಿ. ನಾ ಒಬ್ಬಾಂವೇ ಇದ್ದೆ ಅಂದ್ರ ಈ ಲೆಕ್ಕ ಎಂದೋ ಬಿಟ್ಟುಬಿಡ್ತಿದ್ದೆ. ಇಂವಗೂ ಅದೇ ಉತ್ತರ ಬಂತು, ಅದಕ್ಕ ಹಿಡಕೊಂಡು ಕೂತೀನಿ" ಎಂದು ನನ್ನ ಬೆನ್ನು ತಟ್ಟಿದರು.

ಜೋಡಿಸಿಕೊಂಡ ಮಾತೆಲ್ಲ ಹೊಟ್ಟೆಯೊಳಗೇ ಉಳಿಯಿತು. ಚಹಾ ಕುಡಿದು, ಮಕ್ಕಳ ಶಾಲೆಯ ಬಗ್ಗೆ ಮಾತಾಡಿ, ಹೊರಟು ಬಂದೆ. ಬರುವಾಗ ಬಸ್ಸಿನಲ್ಲಿ ನನಗೆ ನಾನೇ ಒಂದು ಸಮಾಧಾನ ಹೇಳಿಕೊಂಡೆ. ವಯಸ್ಸಾದ ಮನುಷ್ಯ, ಈ ಆಸೆಯ ಮೇಲೆ ಬದುಕಿದ್ದಾರೆ, ಹೇಳಿದರೆ ಮುರಿದುಹೋಗುತ್ತಾರೆ, ಹೇಳದಿರುವುದೇ ಪುಣ್ಯ. ಈ ಸಮಾಧಾನ ಬಹಳ ಚೆನ್ನಾಗಿ ಕೆಲಸ ಮಾಡಿತು. ಮುಂದೆ ಎರಡು ವರ್ಷ ಅದರ ಆಸರೆಯಲ್ಲೇ ಇದ್ದೆ. ಸರ್ ಆ ಎರಡು ವರ್ಷವೂ ಉಳಿದ ಜಾಗಗಳನ್ನು ಒಂದೊಂದಾಗಿ ಕೆದಕಿ ನೋಡಿದರು. ಎಲ್ಲವೂ ಸರಿ ಇದ್ದವು. ಸರಿ ಇದ್ದಷ್ಟೂ ಅವರಿಗೆ ತಲೆ ಕೆಟ್ಟಿತು. "ಎಲ್ಲಾ ಬರೋಬರ್ ಅದ, ಆದ್ರ ಉತ್ತರ ಬರೋಬರ್ ಇಲ್ಲ. ನನ್ನ ಬುದ್ಧಿನೇ ಖರಾಬ್ ಆಗ್ಯಾದೇನೋ ತಮ್ಮಾ" ಎಂದರು ಒಮ್ಮೆ ಫೋನಿನಲ್ಲಿ. ಆಗಲೂ ನಾನು ಹೇಳಲಿಲ್ಲ.

ಒಂದು ದಿನ ಮಧ್ಯಾಹ್ನ ಅಂಗಡಿಯಲ್ಲೇ ಕೂತಲ್ಲಿ ಎದೆ ನೋವೆಂದರು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು. ಮಣ್ಣಿಗೆ ನಾನೂ ಹೋಗಿದ್ದೆ, ಮೂರು ಹಿಡಿ ಮಣ್ಣು ಹಾಕಿದೆ.

ಸಂಚಿಕೆಯ ಆ ಒಂದು ಪುಟ ಅಚ್ಚಾಗಿ ಬಂದ ಮೇಲೆ ಒಂದು ಪ್ರತಿ ತೆಗೆದುಕೊಂಡು ಅವರ ಮನೆಗೆ ಹೋದೆ. ಸರ್ ಅವರ ಹೆಂಡತಿಯನ್ನು ನಾನು ಮೊದಲಿನಿಂದಲೂ ಚಾಚಿ ಎನ್ನುತ್ತೇನೆ. ಅವರು ಪುಟವನ್ನು ಕೈಯಲ್ಲಿ ಹಿಡಿದು ಫೋಟೊ ನೋಡಿದರು, ಮಡಚಿ ಪಕ್ಕಕ್ಕಿಟ್ಟರು.

"ಹಿಸಾಬದಾಗ ಗಲತಿ ಎಲ್ಲದ ಅಂಬೋದು ಸಿಗಲಿಲ್ಲ ಬೇಟಾ ಅವರಿಗಿ. ಹೋಗೂ ದಿನಾ ಮುಂಜಾನಿನೂ ಅದೇ ನೋಡಾಕತ್ತಿದ್ರು."

ಇನ್ನು ತಡೆಯಲು ನನ್ನ ಕೈಲಾಗಲಿಲ್ಲ. "ಅದು ಎಲ್ಲದ ಅಂತ ನನಗ ಗೊತ್ತದ ಚಾಚಿ" ಎಂದೆ. ಕವರು ಒಡೆದ ಮೇಲೆ ನನ್ನ ಮೈನಸ್ ಅಳಿಸಿದ್ದು, ಸರ್ ಕೇಳಿದಾಗ ಹೌದು ಎಂದದ್ದು, ಎಲ್ಲ ಹೇಳಿದೆ. ಎಲ್ಲ ಮುಗಿದ ಮೇಲೆ ಚಾಚಿ ಕೇಳಿದರು:

"ನಿನಗ ಪಕ್ಕಾ ಗೊತ್ತಾಗಿ ಎಷ್ಟು ದಿನ ಆಯ್ತು?"

"ಎರಡು ವರ್ಷ ಆಯ್ತ್ರಿ. ಹೇಳಬೇಕು ಅಂತ ಬಂದಿದ್ದೆ. ಆದ್ರ ಸರ್ ಆಸೆ ಮುರೀತದ, ಈ ವಯಸ್ಸಿನಾಗ ತಡಕೊಳ್ಳಂಗಿಲ್ಲ ಅಂತ..."

ಚಾಚಿ ನನ್ನ ಮುಖವನ್ನೇ ನೋಡಿದರು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು.

"ತಡಕೊಳ್ಳಂಗಿಲ್ಲ ಅಂತ ಯಾರಂದ್ರು? ನಾ ಅವರ ಸಂಗಾಟ ಇಷ್ಟು ವರ್ಷ ಬಾಳೇ ಮಾಡೀನಿ ಬೇಟಾ. ಈ ಹಿಸಾಬಕ್ಕಿಂತ ಮೊದಲ ಮೂರು ಸರ್ತಿ ಅವರ ಹಿಸಾಬ ಪೂರಾ ಗಲತ್ ಆಗ್ಯಾದ. ಮೂರು ಸರ್ತಿನೂ ತಾವೇ ಹಿಡದಾರ, ತಾವೇ ಹರದು ಒಲಿಯಾಗ ಹಾಕ್ಯಾರ. ಒಂದಿನ ಊಟ ಬಿಡ್ತಿದ್ರು. ಮರುದಿನ ನಾಷ್ಟಾ ಮಾಡಿ ಹೊಸಾದು ಹಿಡೀತಿದ್ರು. ಗಲತ್ ಅಂದ್ರ ಅವರಿಗಿ ಅಂಜಿಕಿ ಇರಲಿಲ್ಲ. ಅಂಜಿಕಿ ಇದ್ದದ್ದು ನಿನಗ."

ಮಡಚಿಟ್ಟ ಪುಟವನ್ನು ಎತ್ತಿಕೊಂಡು ಅವರು ಮತ್ತೆ ಹೇಳಿದರು. ಈ ಸಲ ನನಗೆ ಹೇಳಿದಂತಿರಲಿಲ್ಲ.

"ನಾಲ್ಕು ವರ್ಷ ಇದ್ದವು ಅವರ ಕಡೆ. ಇನ್ನೊಂದು ಹಿಸಾಬ ಆಗ್ತಿತ್ತು."